ಅಪ್ಪನ ಬಳ್ಳಿ, ಅವ್ವನ ಗೋಡೆ

ಹೋದ ವರ್ಷ ಮುಂಗಾರು ಶುರುವಾಗಿ ಎರಡು ವಾರವಾಗಿತ್ತು. ಮಾಗಡಿ ಕಡೆಯ ಒಂದು ಪಾಳು ಗುಡಿಯ ಮುಂದೆ ಕೂತು, ಗೋಡೆಯ ಮೇಲಿನ ಶಾಸನವನ್ನು ಅಚ್ಚಾದ ಪಾಠದ ಜೊತೆ ಸಾಲು ಸಾಲಾಗಿ ಹೋಲಿಸಿ ನೋಡುತ್ತಿದ್ದೆ. ಆಗ ಅವ್ವ ಫೋನ್ ಮಾಡಿದಳು. ಯಾವಾಗಲೂ "ಉಂಡಾ?" ಅಂತಲೇ ಮಾತು ಶುರುಮಾಡುವವಳು ಅವತ್ತು ಅದನ್ನೂ ಕೇಳಲಿಲ್ಲ. "ನಿಮ್ಮಪ್ಪನ ಬಳ್ಳೀನ ಕೀಳುಸ್ತೀನಿ ಕನವ್ವ. ಆಮೇಲೆ ಒಂದ್ ಮಾತು ಹೇಳ್ಲಿಲ್ಲ ಅನ್ಬೇಡ" ಎಂದಳು.

ಯಾಕೆ ಎಂದು ಕೇಳುವ ಮೊದಲೇ ನಾನು "ಬೇಡ" ಎಂದುಬಿಟ್ಟೆ.

ನಮ್ಮ ಮನೆ ಇರುವುದು ಕನಕಪುರ ತಾಲ್ಲೂಕಿನ ಒಂದು ಸಣ್ಣ ಊರಿನಲ್ಲಿ. ಮುಂದೆ ವಾಸದ ಮನೆ, ಅದರ ಬೆನ್ನಿಗೆ ಅಂಟಿಕೊಂಡಂತೆ ಹುಳದ ಮನೆ, ಅದರಾಚೆ ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆಯವರಿಗೆ ಹುಳದ ಮನೆ ಅಂದರೆ ಏನು ಎಂದು ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ಅದು ರೇಷ್ಮೆ ಹುಳ ಸಾಕುವ ಮನೆ. ಅಲ್ಲಿ ಬಿಸಿಲು, ತೇವ, ಗಾಳಿ ಎಲ್ಲಕ್ಕೂ ಲೆಕ್ಕವಿರುತ್ತದೆ. ನಾಲ್ಕನೇ ಜ್ವರ ಎದ್ದ ಹುಳಕ್ಕೆ 24–25 ಡಿಗ್ರಿ ಶಾಖ ಹಿತ. ಅದಕ್ಕಿಂತ ಸೆಕೆಯಾದರೆ ಹುಳ ಸೊಪ್ಪು ಬಿಡುತ್ತದೆ, ತೇವ ಹೆಚ್ಚಾಗಿ ಗಾಳಿಯಾಡದಿದ್ದರೆ ಸುಣ್ಣಕಟ್ಟು ಬರುತ್ತದೆ. ಅವ್ವ ಹುಳದ ಮನೆಗೆ ಕಾಲಿಟ್ಟ ಕೂಡಲೇ ಮೂಗಿನಲ್ಲೇ ಇದನ್ನೆಲ್ಲ ಅಳೆಯುತ್ತಾಳೆ.

ನಮ್ಮ ಹುಳದ ಮನೆಯ ಪಡುವಣ ಗೋಡೆಗೆ ಮಧ್ಯಾಹ್ನದ ಮೇಲೆ ನೇರ ಬಿಸಿಲು. ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದ. 2010ರಲ್ಲಿ ಶಾಲೆಯ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋದವನು ಬರುವಾಗ ಪ್ಲಾಸ್ಟಿಕ್ ಕವರಿನಲ್ಲಿ ಗೇಣುದ್ದದ ಒಂದು ಬಳ್ಳಿ ತಂದ. ಬೆಂಗಳೂರಿನ ಯಾವುದೋ ಹಳೇ ಬಂಗಲೆಯ ಗೋಡೆಯನ್ನು ಅದು ಕಂಬಳಿಯ ಹಾಗೆ ಹೊದ್ದಿದ್ದನ್ನು ನೋಡಿದ್ದನಂತೆ. "ಗೋಡೆ ತಣ್ಣಗಿರ್ತದೆ, ಹುಳಕ್ಕೂ ತಂಪು" ಎಂದು ಪಡುವಣ ಗೋಡೆಯ ಬುಡದಲ್ಲಿ ನೆಟ್ಟ. ಆಗ ನನಗೆ ಹನ್ನೆರಡು ವರ್ಷ. ಮೊದಲ ವರ್ಷ ಅದು ಮಲಗಿಯೇ ಇತ್ತು. ಎರಡನೇ ವರ್ಷ ತೆವಳಿತು. ಮೂರನೇ ವರ್ಷದಿಂದ ಹತ್ತುವುದಕ್ಕೆ ಶುರುಮಾಡಿತು.

ಊರಿನಲ್ಲಿ ಅದಕ್ಕೆ ಹೆಸರಿರಲಿಲ್ಲ. ಹೋಗಿಬರುವವರು ಗೋಡೆಬಳ್ಳಿ ಎಂದರು, ಅದೇ ಉಳಿಯಿತು. ಇಂಗ್ಲಿಷ್ ಓದುವ ನನ್ನ ಹಾಸ್ಟೆಲ್ ಗೆಳತಿ ಫೋಟೊ ನೋಡಿ "ಐವಿ!" ಎಂದು ಕೂಗಿದ್ದಳು. ಅದು ಐವಿ ಅಲ್ಲ. ಐವಿ ಯುರೋಪಿನ ತಂಪು ಸೀಮೆಯ ಬಳ್ಳಿ, ಇಂಗ್ಲಿಷ್ ಕವಿತೆಗಳಲ್ಲಿ ನಾವು ನೋಡದೆಯೇ ಪ್ರೀತಿಸಿದ ಗಿಡಗಳಲ್ಲಿ ಅದೂ ಒಂದು. ಅಪ್ಪ ತಂದದ್ದು ಚೀನಾ, ಜಪಾನಿನ ಕಡೆಯ ಫೈಕಸ್ ಪ್ಯುಮಿಲಾ. ಅಂದರೆ ಆಲ, ಅರಳಿ, ಅತ್ತಿ, ಬಸರಿಗಳ ದಾಯಾದಿ. ಇನ್ನೂ ಸ್ವಲ್ಪ ದೂರದ ನೆಂಟಸ್ತಿಕೆ ಹುಡುಕಿದರೆ ಹಲಸು ಮತ್ತು ಹಿಪ್ಪುನೇರಳೆಯೂ ಅದೇ ವಂಶ. ಎಲ್ಲವೂ ಗಾಯವಾದರೆ ಹಾಲು ಸುರಿಸುವ ಗಿಡಗಳೇ. ನಮ್ಮ ತೋಟದಲ್ಲಿ ಅನ್ನ ಕೊಡುತ್ತಿದ್ದದ್ದೂ ಗೋಡೆಯ ಮೇಲೆ ಹಬ್ಬುತ್ತಿದ್ದದ್ದೂ ಒಂದೇ ಮನೆತನದವು.

ಅಪ್ಪ ತೀರಿಕೊಂಡದ್ದು 2020ರಲ್ಲಿ. ಆಮೇಲೆ ನಾನು ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಸೇರಿ, ಹಾಸ್ಟೆಲ್‌ನಲ್ಲೇ ಉಳಿದೆ. ತಿಂಗಳಿಗೊಮ್ಮೆ ಊರಿಗೆ ಹೋದಾಗ ಬ್ಯಾಗಿಟ್ಟು ಮೊದಲು ಮಾಡುತ್ತಿದ್ದ ಕೆಲಸ ಆ ಗೋಡೆಯ ಮುಂದೆ ನಿಲ್ಲುವುದು. ಹಸಿರು ದಪ್ಪಗಾಗುತ್ತಾ ಇತ್ತು. ಫೋಟೊ ತೆಗೆದು ಸ್ಟೇಟಸ್ ಹಾಕಿದರೆ "ಎಷ್ಟು ಚೆಂದ", "ನಿಮ್ಮ ಅಪ್ಪ ಇಲ್ಲೇ ಇದ್ದಾರೆ" ಎಂದೆಲ್ಲ ಬರೆಯುತ್ತಿದ್ದರು. ನನಗೂ ಹಾಗೇ ಅನಿಸುತ್ತಿತ್ತು. ಆದ್ದರಿಂದಲೇ ಅವತ್ತು ಫೋನಿನಲ್ಲಿ ಅವ್ವನ ಮೇಲೆ ಕೂಗಾಡಿದೆ. ಅಪ್ಪನ ಗುರುತು ಅಂತ ಉಳಿದಿರುವುದು ಅದೊಂದೇ ಎಂದೆ. ಅವ್ವ ಸುಮ್ಮನೆ ಕೇಳಿಸಿಕೊಂಡು, "ನೀನು ತಿಂಗ್ಳಿಗೊಂದ್ ದಿನ ಬಂದು ಫೋಟೊ ಹೊಡ್ಕೊಂಡ್ ಹೋಗ್ತೀಯ. ಗೋಡೆ ಈಚೆ ಇರೋಳು ನಾನು" ಎಂದು ಫೋನಿಟ್ಟಳು.

ಸಂಶೋಧನಾ ವಿದ್ಯಾರ್ಥಿಗಳ ದುರಭ್ಯಾಸವೆಂದರೆ ಜಗಳಕ್ಕೂ ಆಕರ ಹುಡುಕುವುದು. ಆ ರಾತ್ರಿ ಕೂತು ಓದಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಹೆದರ್ ವೈಲ್ಸ್ ಮತ್ತು ಸಂಗಡಿಗರು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಗಾಗಿ ಮಾಡಿದ ಅಧ್ಯಯನವೊಂದು ಸಿಕ್ಕಿತು. ಹಳೆಯ ಗೋಡೆಗಳ ಮೇಲಿನ ಐವಿ ಹಗಲಿನ ಶಾಖವನ್ನೂ ರಾತ್ರಿಯ ಚಳಿಯನ್ನೂ ತಡೆಯುತ್ತದೆ, ಹೊಗೆಯ ಕಣಗಳನ್ನು ಎಲೆಯಲ್ಲೇ ಹಿಡಿದುಕೊಳ್ಳುತ್ತದೆ, ಒಟ್ಟಿನಲ್ಲಿ ಗೋಡೆಯನ್ನು ಕಾಪಾಡುತ್ತದೆ ಎನ್ನುವುದು ಅದರ ಸಾರ. ಗೆದ್ದೆ ಅಂದುಕೊಂಡು ಬೆಳಿಗ್ಗೆ ಅವ್ವನಿಗೆ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ. ಅವ್ವ ಕೇಳಿದ್ದು ಒಂದೇ ಪ್ರಶ್ನೆ: "ಆ ಇಂಗ್ಲೆಂಡ್‌ನೋರು ಗೋಡೆ ಒಳಗೆ ಹುಳ ಮೇಯುಸ್ತಾರಾ?"

ಆ ಅಧ್ಯಯನದಲ್ಲೇ ಇನ್ನೊಂದು ಮಾತಿತ್ತು. ಗಟ್ಟಿ ಗೋಡೆಯ ಮೇಲೆ ಬಳ್ಳಿ ಬರೀ ಅಂಟಿಕೊಂಡಿರುತ್ತದೆ, ಆದರೆ ಮೊದಲೇ ಬಿರುಕು, ತೂತು ಇದ್ದರೆ ಬೇರು ಒಳಗೆ ನುಗ್ಗುತ್ತದೆ ಎಂದು. ಆ ಸಾಲನ್ನು ನಾನು ಅವ್ವನಿಗೆ ಓದಿ ಹೇಳಿರಲಿಲ್ಲ.

ಶನಿವಾರ ಊರಿಗೆ ಹೋದೆ. ಈ ಸಲ ಅವ್ವ ನನ್ನನ್ನು ಗೋಡೆಯ ಮುಂದೆ ನಿಲ್ಲಲು ಬಿಡದೆ ನೇರ ಹುಳದ ಮನೆಯೊಳಗೆ ಕರೆದುಕೊಂಡು ಹೋದಳು. ಅಪ್ಪ ಹೋದ ಮೇಲೆ ನಾನು ಒಳಗಿನಿಂದ ಆ ಗೋಡೆಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಕೆಮ್ಮಣ್ಣಿನಲ್ಲಿ ಇಟ್ಟಿಗೆ ಕಟ್ಟಿ ಸುಣ್ಣದ ಗಾರೆ ಬಳಿದ ಗೋಡೆ ಅದು. ಸೂರಿನ ಕೆಳಗೆ ಆಳೆತ್ತರದ ತನಕ ತೇವ ಇಳಿದು ಕಪ್ಪಾಗಿತ್ತು. ಹೆಂಚಿನ ಸಂದಿಯಿಂದ ಒಳಬಂದ ಬಳ್ಳಿಯ ಎರಡು ಎಳೆಗಳು ಬೆಳಕಿಲ್ಲದೆ ಬಿಳಿಚಿಕೊಂಡು ತೊಲೆಯಿಂದ ನೇತಾಡುತ್ತಿದ್ದವು. ಅವ್ವ ಕಿಟಕಿ ತೋರಿಸಿದಳು. ಕಿಟಕಿಯ ಬಲೆಯ ಒಂದು ಮೂಲೆಯನ್ನು ಕಾಂಡ ಎತ್ತಿ ಹರಿದುಹಾಕಿತ್ತು.

ಆ ಬಲೆ ಇರುವುದು ಊಜಿ ನೊಣಕ್ಕೆ. 1980ರಲ್ಲಿ ಕರ್ನಾಟಕಕ್ಕೆ ಬಂದ ಈ ನೊಣ ನಮ್ಮ ಕಡೆಯ ರೈತರ ನಿದ್ದೆ ಕೆಡಿಸಿದೆ. ಅದು ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ. ಮರಿ ಹುಳದೊಳಗೆ ಇಳಿದು, ತಿಂದು, ಬಲಿತು, ಮೈ ಕೊರೆದು ಹೊರಬರುತ್ತದೆ. ಹುಳ ಅಷ್ಟರಲ್ಲಿ ಗೂಡು ಕಟ್ಟಿದ್ದರೆ ಗೂಡನ್ನೂ ಕೊರೆಯುತ್ತದೆ. ತೂತಾದ ಗೂಡಿನಿಂದ ನೂಲು ಎಳೆಯಾಗಿ ಬಿಚ್ಚುವುದಿಲ್ಲ. ಅವ್ವ ನೂರು ಮೊಟ್ಟೆ ಚಾಕಿ ತಂದು ಮೇಯಿಸಿದ್ದ ಬೆಳೆಯಲ್ಲಿ ಅರ್ಧ ಹೀಗೆ ಹೋಗಿತ್ತು. ಉಳಿದದ್ದನ್ನು ಮೂಟೆ ಕಟ್ಟಿ ರಾಮನಗರದ ಗೂಡಿನ ಮಾರುಕಟ್ಟೆಗೆ ಒಬ್ಬಳೇ ಹೊತ್ತುಕೊಂಡು ಹೋಗಿದ್ದಳು. ಗೂಡನ್ನು ಕೈಯಲ್ಲಿ ಹಿಡಿದು ಅಲುಗಿಸಿ ನೋಡಿದವರು ಮುಂದಿನ ರಾಶಿಗೆ ಹೋದರಂತೆ. ಕೊನೆಗೆ ಸಿಕ್ಕಿದ ಬೆಲೆಗೆ ಕೊಟ್ಟು ಬಂದಿದ್ದಳು. ಇದೆಲ್ಲ ನಡೆದದ್ದು ನಾನು ಗೋಡೆಯ ಫೋಟೊ ಹಾಕಿದ್ದ ವಾರವೇ. "ಯಾಕೆ ಹೇಳ್ಲಿಲ್ಲ?" ಎಂದು ಕೇಳಿದೆ. "ನಿನ್ ಫೀಸು ಕಟ್ಟೋ ಟೈಮು ಅದು" ಎಂದಳು.

ನಾನು ಹೊರಗೆ ಬಂದು ಗೋಡೆಯನ್ನು ಮತ್ತೆ ನೋಡಿದೆ. ಬುಡದಲ್ಲಿ, ಗೋಡೆಗೆ ಅಂಟಿದ ಕಡೆ ಎಲೆ ಕಾಸಿನಷ್ಟಗಲ, ತೆಳ್ಳಗೆ. ಮೇಲೆ, ಸೂರಿನ ಹತ್ತಿರ ಬೇರೆ ಗಿಡವೇನೋ ಎನ್ನುವ ಹಾಗೆ ದಪ್ಪ ಚರ್ಮದಂಥ ದೊಡ್ಡ ಎಲೆಗಳು. ಆ ಕೊಂಬೆಗಳು ಗೋಡೆಗೆ ಅಂಟದೆ ಹೊರಕ್ಕೆ ಚಾಚಿಕೊಂಡಿದ್ದವು, ಅಲ್ಲಲ್ಲಿ ಹಸಿರು ಕಾಯಿ. ಈ ಬಳ್ಳಿಯ ಸ್ವಭಾವವೇ ಹಾಗೆ. ಹತ್ತುವಾಗ ಒಂದು ರೂಪ, ಹತ್ತಿ ಮುಗಿದ ಮೇಲೆ ಇನ್ನೊಂದು. ಬಲಿತ ಕೊಂಬೆ ಮರದಂತೆ ಗಟ್ಟಿಯಾಗುತ್ತದೆ, ಅದರ ಭಾರವನ್ನೆಲ್ಲ ಗಾರೆ ಹೊರಬೇಕು. ಅಪ್ಪ ಇದ್ದಾಗ ಈ ದೊಡ್ಡ ಎಲೆಯನ್ನು ನಾನು ನೋಡಿದ ನೆನಪೇ ಇಲ್ಲ. ಆಗ ಗೋಡೆ ಯಾವಾಗಲೂ ಚಪ್ಪಟೆಯಾಗಿ, ಸಣ್ಣೆಲೆಯಾಗಿ, ಕಿಟಕಿಯ ಸುತ್ತ ಒಂದು ಮೊಳ ಬರಿದಾಗಿ ಇರುತ್ತಿತ್ತು. ಬಳ್ಳಿಯೇ ಹಾಗೆ ಎಂದುಕೊಂಡಿದ್ದೆ. ಅಪ್ಪ ಯುಗಾದಿ, ಗೌರಿ ಹಬ್ಬ, ದೀಪಾವಳಿ ಹೀಗೆ ವರ್ಷಕ್ಕೆ ಮೂರು ಸಲ ಏಣಿ ಹತ್ತಿ ಕತ್ತರಿ ಆಡಿಸುತ್ತಿದ್ದದ್ದು ನನಗೆ ಹಬ್ಬದ ಗಡಿಬಿಡಿಯ ಒಂದು ಸದ್ದಾಗಿ ಮಾತ್ರ ನೆನಪಿತ್ತು. ನಾನು ಪ್ರೀತಿಸುತ್ತಿದ್ದದ್ದು ಬಳ್ಳಿಯನ್ನಲ್ಲ, ಆ ಕತ್ತರಿಯ ಕೆಲಸವನ್ನು. ಅದು ನಿಂತು ಐದು ವರ್ಷವಾಗಿತ್ತು.

ಇಲ್ಲಿ ನನ್ನದೇ ಇನ್ನೊಂದು ಇಬ್ಬಂದಿಯನ್ನು ಹೇಳಬೇಕು. ನಾನು ಕೆಲಸ ಮಾಡುತ್ತಿರುವುದು ಈ ನಾಲ್ಕು ತಾಲ್ಲೂಕುಗಳ ಶಾಸನಗಳ ಮೇಲೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೇ ಸಂಪುಟ, 1905ರಲ್ಲಿ ಅಚ್ಚಾದ ಬೆಂಗಳೂರು ಜಿಲ್ಲೆಯದು, ನನ್ನ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ. ರಾಮನಗರ ಇನ್ನೂ ಕ್ಲೋಸ್‌ಪೇಟೆ ಆಗಿದ್ದ ಕಾಲದ ಪುಸ್ತಕ. ಅದನ್ನು ಹಿಡಿದುಕೊಂಡು ಗುಡಿ ಗುಡಿ ಅಲೆಯುವಾಗ ನನ್ನ ದೊಡ್ಡ ಶತ್ರು ಅರಳಿ. ಗೊರವಂಕವೋ ಬಾವಲಿಯೋ ಹಣ್ಣು ತಿಂದು ಕಲ್ಲಿನ ಸಂದಿಯಲ್ಲಿ ಹಿಕ್ಕೆ ಹಾಕುತ್ತದೆ. ಒಂದು ಮಳೆಗೆ ಮೊಳಕೆ, ಹತ್ತು ಮಳೆಗೆ ಬೇರು ಕಲ್ಲನ್ನೇ ಎತ್ತುತ್ತದೆ. ಅವ್ವ ಫೋನ್ ಮಾಡಿದಾಗ ನಾನು ಕೂತಿದ್ದ ಗುಡಿಯಲ್ಲೂ ಅದೇ ಆಗಿತ್ತು. ಪುಸ್ತಕದಲ್ಲಿ ಪೂರ್ತಿ ಇದ್ದ ಒಂದು ಸಾಲು ಗೋಡೆಯ ಮೇಲೆ ನಡುವೆಯೇ ಬೇರಿನ ಕೆಳಗೆ ಹೋಗಿಬಿಟ್ಟಿತ್ತು. ಊರಿನವರನ್ನು ಬೈದುಕೊಂಡಿದ್ದೆ: ಮೊಳಕೆಯಲ್ಲೇ ಕಿತ್ತುಹಾಕಲು ಇವರಿಗೇನು ಕಷ್ಟ? ಅರಳಿಗೆ ಕೊಡಲಿ ಹಾಕಬಾರದೆನ್ನುವ ಭಯ ನಮ್ಮ ಕಡೆ ಎಲ್ಲರಿಗೂ ಇದೆ, ಅದು ಗೊತ್ತಿದ್ದೂ ಬೈದಿದ್ದೆ. ಅದೇ ಬೈಗುಳ ಮುಗಿದ ಐದು ನಿಮಿಷಕ್ಕೆ ಅವ್ವನ ಫೋನು ಬಂದಿತ್ತು, ನಾನು "ಬೇಡ" ಎಂದಿದ್ದೆ.

ಕಾಂಬೋಡಿಯದ ತಾ ಪ್ರೋಮ್ ದೇವಾಲಯದಲ್ಲಿ ದೈತ್ಯ ಮರಗಳು ಗೋಡೆಗಳ ಮೇಲೆಯೇ ಬೇರು ಇಳಿಬಿಟ್ಟು ನಿಂತಿವೆ. ಅಲ್ಲಿ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರೇ ದುರಸ್ತಿಯ ಕೆಲಸ ಮಾಡಿದ್ದಾರೆ. ಮರವನ್ನೆಲ್ಲ ಕಡಿಯಲಿಲ್ಲ, ಕಟ್ಟಡವನ್ನು ಬೀಳಲೂ ಬಿಡಲಿಲ್ಲ. ಯಾವುದಕ್ಕೆ ಊರೆ ಕೊಡಬೇಕು, ಯಾವುದನ್ನು ಬಿಡಬೇಕು ಎಂದು ಒಂದೊಂದೇ ಜಾಗ ನೋಡಿ ತೀರ್ಮಾನಿಸುವ ಕೆಲಸ ಅದು. ನಮ್ಮ ಮನೆಗೂ ಅಂಥದ್ದೇ ತೀರ್ಮಾನ ಬೇಕಿತ್ತು, ಆದರೆ ಅದನ್ನು ಮಾಡಬೇಕಾದವಳು ಗೋಡೆಯ ಒಳಗಿರುವವಳು. "ನೀನು ಹೇಳಿದ ಹಾಗೇ ಮಾಡೋಣ ಕನವ್ವ" ಎಂದೆ.

ಅವ್ವ ಹೇಳಿದ್ದು ಸರಳವಾಗಿತ್ತು. ಹುಳದ ಮನೆಯ ಗೋಡೆಯ ಮೇಲೆ ಒಂದು ಎಲೆಯೂ ಇರಕೂಡದು. ಹಿತ್ತಲಿನ ಕಾಡುಗಲ್ಲಿನ ಕಾಂಪೌಂಡಿಗೆ ಬಳ್ಳಿಯ ಒಂದು ಕವಲು ಹರಿದಿತ್ತು, ಅದು ಬೇಕಾದರೆ ಇರಲಿ.

ನನಗೆ ಅವಸರ. ಅವತ್ತೇ ಕೈಹಾಕಿ ಒಂದು ಕವಲನ್ನು ಜಗ್ಗಿದೆ. ಬಳ್ಳಿಯ ಜೊತೆ ತಟ್ಟೆಯಗಲ ಗಾರೆ ಕಿತ್ತು ಬಂತು. ನಮ್ಮ ಬೀದಿಯ ಗಾರೆ ಕೆಲಸದ ಮಾವ ಅದನ್ನು ನೋಡಿ, "ಜೀವ ಇರೋವಾಗ ಕಿತ್ರೆ ಗೋಡೇನೂ ಕೊಡ್ತದೆ ಕನಮ್ಮ. ಮೊದ್ಲು ಬುಡ ಕುಯ್ದು ಒಣಗಾಕು" ಎಂದ. ಹಸಿ ಬಳ್ಳಿ ಬಿಗಿ ಹಿಡಿದಿರುತ್ತದೆ. ಒಣಗಿದರೆ ಕಾಂಡ ಪೆಳಸಾಗಿ ತುಂಡು ತುಂಡಾಗಿ ಮುರಿದು ಬರುತ್ತದೆ, ಗಾರೆ ಉಳಿಯುತ್ತದೆ. ಕಾಂಪೌಂಡಿನ ಕವಲು ನೆಲದಲ್ಲಿ ತನ್ನದೇ ಬೇರು ಬಿಟ್ಟಿದೆಯೇ ಎಂದು ನೋಡಿಕೊಂಡು, ನಡುವೆ ಕತ್ತರಿಸಿ, ಆಮೇಲೆ ಗೋಡೆಯ ಬುಡದಲ್ಲಿ ತೋಳಿನಷ್ಟು ದಪ್ಪವಿದ್ದ ತಾಯಿ ಕಾಂಡವನ್ನು ಗರಗಸದಲ್ಲಿ ಕೊಯ್ದೆವು. ಗೇಣುದ್ದದ ಒಂದು ತುಂಡನ್ನೇ ತೆಗೆದುಹಾಕಿದೆವು. ಹಾಲು ಸುರಿಯಿತು. ಅದು ಮುಂಗೈಗೆ ತಗುಲಿ, ಬಿಸಿಲಿಗೆ ಉರಿದು, ಎರಡು ದಿನ ಕೆಂಪಗೆ ದದ್ದು ಎದ್ದಿತ್ತು. ತುಂಬುತೋಳಿನ ಅಂಗಿ, ಕೈಗವುಸು ಹಾಕಿಕೊಳ್ಳಬೇಕೆಂದು ಮುಂಚೆಯೇ ಗೊತ್ತಿರಬೇಕಿತ್ತು.

ಬುಡಕ್ಕೆ ಕಳೆನಾಶಕ ಬಳಿದರೆ ಮತ್ತೆ ಚಿಗುರುವುದಿಲ್ಲ ಎಂದ ಮಾವ. ಅವ್ವ ಖಡಾಖಂಡಿತವಾಗಿ ಬೇಡವೆಂದಳು. ಹತ್ತು ಹೆಜ್ಜೆಯಾಚೆ ಹಿಪ್ಪುನೇರಳೆ ಸಾಲು. ಸೊಪ್ಪಿಗೆ ಔಷಧಿ ತಗುಲುವ ಸಂಶಯವಿದ್ದರೂ ಹುಳ ಮೇಯಿಸುವವರು ಆ ಸೊಪ್ಪು ಮುಟ್ಟುವುದಿಲ್ಲ. ಹಾಗಾಗಿ ಗುದ್ದಲಿಯಿಂದಲೇ ಬುಡ ಅಗೆದೆವು. ತಳಪಾಯಕ್ಕೆ ಏಟಾಗದ ಹಾಗೆ ಮಣ್ಣು ಬಿಡಿಸಿ ಬೇರು ತೆಗೆಯಲು ಎರಡು ದಿನ ಹಿಡಿಯಿತು. ಆಮೇಲೂ ಮೂರು ಕಡೆ ಚಿಗುರಿತು. ಚಿಗುರಿದಾಗಲೆಲ್ಲ ಅವ್ವ ಉಗುರಿನಲ್ಲೇ ಚಿವುಟಿದಳು.

ಮಳೆಗಾಲವಾದ್ದರಿಂದ ಎಲೆಯೆಲ್ಲ ಒಣಗಿ ಉದುರಲು ಒಂದೂವರೆ ತಿಂಗಳಾಯಿತು. ಆ ದಿನಗಳಲ್ಲಿ ಊರಿಗೆ ಹೋಗಲು ನನಗೆ ಮನಸ್ಸಾಗುತ್ತಿರಲಿಲ್ಲ, ಆದರೂ ವಾರ ವಾರ ಹೋದೆ. ಕನಕಪುರದ ಬಸ್ಸಿನಲ್ಲಿ ಕೂತು ಒಂದು ಸಲ ಡಾರ್ವಿನ್ ಬರೆದದ್ದನ್ನು ಓದಿದೆ. ಹತ್ತುವ ಬಳ್ಳಿಗಳ ಬಗ್ಗೆ 1865ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅವನು ಇದೇ ಬಳ್ಳಿಯ ಬೇರನ್ನು, ಆಗ ಅದರ ಹೆಸರು ಫೈಕಸ್ ರೆಪೆನ್ಸ್, ಗಾಜಿನ ಚೂರಿಗೆ ಒತ್ತಿಟ್ಟು ದಿನಗಟ್ಟಲೆ ಕಾದಿದ್ದ. ಸುಮಾರು ಒಂದು ವಾರದ ಮೇಲೆ ಬೇರಿನಿಂದ ಸಣ್ಣ ಸಣ್ಣ ಹನಿ ಒಸರಿತು. ಗಾಯದಿಂದ ಸುರಿಯುವ ಬಿಳಿ ಹಾಲಲ್ಲ, ತಿಳಿಯಾದ ಅಂಟು. ಅದು ಬೇಗ ಒಣಗುವುದಿಲ್ಲ, ನಿಧಾನವಾಗಿ ಗಟ್ಟಿಯಾಗಿ ಗೋಡೆಗೆ ಹಿಡಿದುಕೊಳ್ಳುತ್ತದೆ. ಅಷ್ಟು ದೊಡ್ಡ ಮನುಷ್ಯ ಒಂದು ಬೇರಿನ ಮುಂದೆ ವಾರಗಟ್ಟಲೆ ತಾಳ್ಮೆಯಿಂದ ಕೂತಿದ್ದನ್ನು ಓದುತ್ತಾ ನನಗೆ ನಾಚಿಕೆಯಾಯಿತು. ನಾನು ಅದರ ಮುಂದೆ ಫೋಟೊ ತೆಗೆಯುವಷ್ಟು ಹೊತ್ತು ಮಾತ್ರ ನಿಂತಿದ್ದೆ.

ಆಗಸ್ಟಿನಲ್ಲಿ, ಒಂದು ಬೆಳೆ ಮುಗಿದು ಇನ್ನೊಂದಕ್ಕೆ ಹುಳದ ಮನೆ ತೊಳೆಯುವ ಬಿಡುವಿನಲ್ಲಿ, ಒಣಗಿದ್ದನ್ನೆಲ್ಲ ಮೇಲಿನಿಂದ ಕೆಳಕ್ಕೆ ಬಿಡಿಸಿದೆವು. ಗೋಡೆಗೆ ನೀರು ಚಿಮುಕಿಸಿ ನೆನೆಸಿ, ಕರಣೆಯಲ್ಲಿ ಹೆರೆದು, ತಂತಿ ಬ್ರಷ್ಷಿನಲ್ಲಿ ಮೆಲ್ಲಗೆ ಉಜ್ಜಿದೆವು. ಒಡೆದ ಹೆಂಚು ಹನ್ನೊಂದು. ಸೂರಿನ ಕೆಳಗಿನ ಬಿರುಕಿನೊಳಗೆ ಬೇರು ಚಾಪೆಯ ಹಾಗೆ ಹೆಣೆದುಕೊಂಡಿತ್ತು. ಅದನ್ನು ಬಿಡಿಸಿದ ಮೇಲೆ ಸಿಮೆಂಟು ಹಾಕಿಬಿಡೋಣ ಎಂದೆ ನಾನು. ಮಣ್ಣಿನ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಗೆ ಹೋಗಲಾರದೆ ಗೋಡೆಯನ್ನೇ ತಿನ್ನುತ್ತದೆ ಎಂದು ಮಾವ ಸುಣ್ಣದ ಗಾರೆಯನ್ನೇ ಕಲಸಿದ. ಹೊಸ ಬಲೆ ಬಂತು. ಪಡುವಣ ಬಿಸಿಲಿಗೆ ಗೋಡೆಯಿಂದ ನಾಲ್ಕಡಿ ದೂರದಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿದಳು ಅವ್ವ. ಅಪ್ಪ ಬಯಸಿದ್ದ ನೆರಳು ಗೋಡೆಗೆ ಮತ್ತೆ ಸಿಕ್ಕಿತು, ಈ ಸಲ ಗೋಡೆಯನ್ನು ಮುಟ್ಟದೆ.

ಬೇರು ಹಿಡಿದಿದ್ದ ಗುರುತು ಮಾತ್ರ ಹೋಗಲಿಲ್ಲ. ಗೋಡೆಯ ತುಂಬಾ ಜರಿಹುಳ ನಡೆದುಹೋದಂಥ ಕಂದು ಗೆರೆಗಳು. ಎರಡು ಸಲ ಸುಣ್ಣ ಹೊಡೆದರೂ ಬಿಸಿಲು ಓರೆಯಾಗಿ ಬಿದ್ದಾಗ ಕಾಣಿಸುತ್ತಿದ್ದವು. ಮಾವ ಮೂರನೇ ಸಲ ಹೊಡೆಯಲು ಹೊರಟಾಗ ಅವ್ವ ತಡೆದಳು. "ಇರ್ಲಿ ಬುಡು. ಅದೇನ್ ಹುಳ ತಿಂದಾದಾ?"

ಮುಂದಿನ ಬೆಳೆ ಚೆನ್ನಾಗಿ ಬಂತು ಎಂದು ಬರೆಯಲು ಇಷ್ಟ, ಆದರೆ ಆ ತಿಂಗಳು ಗೂಡಿನ ಬೆಲೆ ಇಳಿದಿತ್ತು. ಹುಳ ಹಣ್ಣಾಗಿ ಚಂದ್ರಿಕೆಗೆ ಹತ್ತಿದ್ದು ಚೆನ್ನಾಗಿಯೇ ಹತ್ತಿತು, ಊಜಿ ಇರಲಿಲ್ಲ. ಅಷ್ಟು ಸಾಕು ಎಂದಳು ಅವ್ವ. ಈ ಸಲ ಮೂಟೆಯ ಜೊತೆ ರಾಮನಗರಕ್ಕೆ ನಾನೂ ಹೋದೆ. ದಾರಿಯಲ್ಲಿ ಬಸ್ಸಿನ ಕಿಟಕಿಯಾಚೆ ಆ ಬಂಡೆಗುಡ್ಡಗಳು. ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷದ ಕಲ್ಲು. ಅದರ ಸೀಳಿನಲ್ಲೂ ಯಾವುದೋ ಅತ್ತಿಯ ಜಾತಿಯ ಮರ ಬೇರು ಇಳಿಬಿಟ್ಟು ನಿಂತಿತ್ತು. ಅವ್ವನಿಗೆ ತೋರಿಸಿದೆ. "ಕಲ್ಲಿಗೇನು, ತಡ್ಕೊತದೆ" ಎಂದು ಕಣ್ಣುಮುಚ್ಚಿ ಸೀಟಿಗೆ ಒರಗಿದಳು.

ದೀಪಾವಳಿಗೆ ಊರಿಗೆ ಹೋದಾಗ ಕಾಂಪೌಂಡಿನ ಬಳ್ಳಿ ಕಲ್ಲುಗಳ ಮೇಲೆ ತೆಳ್ಳಗೆ ಹರಡಿತ್ತು. ಒಂದು ತುದಿ ಆಗಲೇ ಮನೆಯ ಕಡೆಗೆ ತಿರುಗಿತ್ತು. ಅಟ್ಟದಿಂದ ಅಪ್ಪನ ಕತ್ತರಿ ಇಳಿಸಿ, ತುಕ್ಕು ಉಜ್ಜಿ, ಎಣ್ಣೆ ಹಾಕಿದೆ. ಏಣಿ ಇಟ್ಟು ಎರಡು ಮೆಟ್ಟಿಲು ಹತ್ತಿದ್ದೆ, ಅಷ್ಟರಲ್ಲಿ ಅವ್ವ ಕೈ ಒರೆಸಿಕೊಳ್ಳುತ್ತಾ ಅಡುಗೆಮನೆಯಿಂದ ಬಂದು ಕೆಳಗೆ ಏಣಿ ಹಿಡಿದು ನಿಂತಳು. ನಾನು ಹೇಳಿರಲಿಲ್ಲ. ಎಲ್ಲಿ ಕಾಲು ಒತ್ತಿ ಹಿಡಿದರೆ ಏಣಿ ಅಲುಗುವುದಿಲ್ಲ ಎಂದು ಅವಳ ಪಾದಕ್ಕೆ ಗೊತ್ತಿತ್ತು. ಹತ್ತು ವರ್ಷ, ವರ್ಷಕ್ಕೆ ಮೂರು ಸಲ, ಅವಳು ಅಲ್ಲೇ ನಿಂತಿದ್ದಳು ಎನ್ನುವುದು ಆಗ ಹೊಳೆಯಿತು.

"ಮನೆ ಕಡೆ ಬರೋದ್ನ ಮೊದ್ಲು ಕತ್ತರ್ಸು" ಎಂದಳು. "ಆಮೇಲೆ ದಪ್ಪೆಲೆದು. ಸಣ್ಣೆಲೆ ಮುಟ್ಬೇಡ. ನಿಮ್ಮಪ್ಪ ಅಂಗೇ ಮಾಡ್ತಿದ್ದುದ್ದು."